ತಪ್ಪುಹೆಜ್ಜೆಯ ನೌಕರಿ

ನಮ್ಮ ಊರಿನಲ್ಲಿ ಇಬ್ಬರು ಜೊತೆಯಾಗಿ ನಡೆದರೆ ನಾಲ್ಕನೆಯ ಹೆಜ್ಜೆಗೆ ಕಾಲು ಕೂಡಿಬಿಡುತ್ತವೆ. ಬಲಗಾಲಿಗೆ ಬಲಗಾಲು, ಎಡಗಾಲಿಗೆ ಎಡಗಾಲು. ಬೇಡವೆಂದು ಹಟ ಹಿಡಿದರೂ ಅಷ್ಟೇ. ಹತ್ತು ಜನ ನಡೆದರೆ ಹತ್ತೂ ಜನರದು, ನೂರು ಜನ ನಡೆದರೆ ನೂರೂ ಜನರದು. ಪರಊರಿನಿಂದ ಬಂದವರು ಮೊದಲ ವಾರ ನಗುತ್ತಾರೆ, ಎರಡನೆಯ ವಾರ ಅವರ ಕಾಲೂ ಕೂಡುತ್ತವೆ, ಆಮೇಲೆ ನಗುವುದನ್ನು ಬಿಡುತ್ತಾರೆ. ಜಗಳವಾಡಿದ ಗಂಡಹೆಂಡತಿ ಬೀದಿಯ ಆ ಬದಿಗೊಬ್ಬರು ಈ ಬದಿಗೊಬ್ಬರು ಹಿಡಿದು ನಡೆಯುತ್ತಾರೆ. ಜೊತೆಯಲ್ಲಿ ನಡೆದರೆ ಕಾಲು ಒಂದಾಗುತ್ತವೆ, ಕಾಲು ಒಂದಾದ ಮೇಲೆ ಮುಖ ಊದಿಸಿಕೊಂಡಿರುವುದು ನಗೆಪಾಟಲಾಗುತ್ತದೆ. ಕಳ್ಳನ ಬೆನ್ನು ಹತ್ತಿದ ಪೊಲೀಸರ ಪಾಡಂತೂ ಕೇಳಬೇಡಿ. ಇಬ್ಬರ ಹೆಜ್ಜೆಯೂ ಒಂದೇ ಸಮ ಬೀಳುವುದರಿಂದ ಕಳ್ಳ ದೂರವೂ ಆಗುವುದಿಲ್ಲ, ಹತ್ತಿರವೂ ಆಗುವುದಿಲ್ಲ. ಇಬ್ಬರೂ ಸುಸ್ತಾಗಿ ಒಂದೇ ಕಟ್ಟೆಯ ಮೇಲೆ ಕೂತದ್ದನ್ನು ನಾನೇ ಕಂಡಿದ್ದೇನೆ.

ಮನುಷ್ಯರಿಗೆ ಇದರಿಂದ ಕೇಡೇನೂ ಇಲ್ಲ. ಏಟು ತಿನ್ನುವುದು ಕಟ್ಟಡಗಳು. ಪ್ರತಿಯೊಂದು ಕಟ್ಟಡಕ್ಕೂ ತನ್ನದೇ ಒಂದು ತೂಗು ಇರುತ್ತದೆ. ತೊಟ್ಟಿಲನ್ನು ಅದರ ತೂಗಿಗೆ ಸರಿಯಾಗಿ ಒಂದು ಬೆರಳಿನಲ್ಲಿ ತಳ್ಳುತ್ತಾ ಹೋಗಿ, ನಾಲ್ಕು ಸಲಕ್ಕೆ ಅದು ಗೋಡೆಗೆ ಬಡಿಯುತ್ತದೆ. ಹಾಗೆಯೇ ಊರಿನ ಕಾಲು ಕಟ್ಟಡದ ತೂಗಿಗೆ ತಾಗಿದರೆ ಮಾಳಿಗೆಯೇ ತೊಟ್ಟಿಲಾಗುತ್ತದೆ. ಅದಕ್ಕೇ ನಮ್ಮಲ್ಲಿ ಮದುವೆಯ ದಿಬ್ಬಣ ಮಾಳಿಗೆ ಮನೆಯ ಮುಂದೆ ಬಂದಾಗ ನಿಂತು, ಒಂದು ಎಲೆ ಅಡಿಕೆ ಹಾಕಿಕೊಂಡು, ಚೆದುರಿಕೊಂಡು ಮುಂದೆ ಹೋಗುತ್ತದೆ. ಶಾಲೆಯ ಮಕ್ಕಳು ಮೆಟ್ಟಿಲನ್ನು ಇಬ್ಬಿಬ್ಬರಾಗಿ ಇಳಿಯುತ್ತಾರೆ. ಅಡುಗೆಮನೆಯಲ್ಲಿ ಹಿತ್ತಾಳೆಯ ಕೊಡಗಳ ನಡುವೆ ಹಳೆಯ ಸೀರೆಯ ಚೂರು ತುರುಕಿರುತ್ತೇವೆ, ಇಲ್ಲದಿದ್ದರೆ ಬೀದಿಯಲ್ಲಿ ಹೆಣ ಹೋದಾಗೆಲ್ಲ ಪಾತ್ರೆಗಳು ಗಣಗಣ ಎನ್ನುತ್ತವೆ. ಇದೆಲ್ಲ ನಮಗೆ ಹಲ್ಲುಜ್ಜಿದಷ್ಟು ಸಹಜ.

ನನ್ನ ಹೆಸರು ಕಾಶವ್ವ. ಎಡಗಾಲು ಬಲಗಾಲಿಗಿಂತ ನಾಲ್ಕು ಬೆರಳು ಗಿಡ್ಡ. ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ಹೋದದ್ದು, ಹೋಗುವಾಗ ಕಾಲಿನ ಬಲವನ್ನೂ ಹಿಡಿದುಕೊಂಡು ಹೋಯಿತು. ಬೇರೆ ಊರಿನಲ್ಲಾಗಿದ್ದರೆ ಕುಂಟಿ ಎಂದು ಮೂಲೆಗೆ ಕೂರಿಸುತ್ತಿದ್ದರು. ನಮ್ಮ ಊರಿನಲ್ಲಿ ನನ್ನಂಥವರ ಕಾಲು ಯಾರ ಕಾಲಿಗೂ ಕೂಡುವುದಿಲ್ಲವಾದ್ದರಿಂದ, ಹದಿನೆಂಟು ತುಂಬಿದ ದಿನ ಪುರಸಭೆಯವರು ಮನೆಗೆ ಬಂದು ನೌಕರಿಗೆ ಕರೆದರು. ಆ ನೌಕರಿಯ ಹೆಸರು ತಪ್ಪುಹೆಜ್ಜೆ.

ಕೆಲಸ ಹೊಳೆಯ ಮೇಲಿನ ಸೇತುವೆಯದು. ಹೊಳೆಯ ಆಚೆ ಹತ್ತಿ ಗಿರಣಿ, ಈಚೆ ಊರು, ನಡುವೆ ಕಬ್ಬಿಣದ ಹಗ್ಗಗಳಿಗೆ ನೇತುಹಾಕಿದ ಹಲಗೆಯ ಕಾಲುಸೇತುವೆ. ಉದ್ದ ಮುನ್ನೂರು ಹೆಜ್ಜೆ. ಪಾಳಿ ಬಿಟ್ಟಾಗ ಇನ್ನೂರು ಹೆಣ್ಣುಮಕ್ಕಳು ಒಟ್ಟಿಗೆ ಸೇತುವೆ ಹತ್ತಿದರೆ ಕಾಲು ಕೂಡಿ, ಸೇತುವೆ ಎಡಕ್ಕೆ ಬಲಕ್ಕೆ ಎಡಕ್ಕೆ ಬಲಕ್ಕೆ ತೂಗತೊಡಗುತ್ತದೆ. ಸೇತುವೆ ತೂಗಿತೆಂದರೆ ನಡೆಯುವವರು ಬೀಳದಿರಲು ಕಾಲು ಅಗಲಿಸಿ ಅದೇ ತೂಗಿಗೆ ಹೆಜ್ಜೆ ಹಾಕುತ್ತಾರೆ. ಅವರು ಹಾಗೆ ಹಾಕಿದಷ್ಟೂ ಅದು ಹೆಚ್ಚು ತೂಗುತ್ತದೆ. ಅದಕ್ಕೇ ನಾವು ನಾಲ್ವರು ತಪ್ಪುಹೆಜ್ಜೆಯವರು ಗುಂಪಿನ ನಡುನಡುವೆ ಸೇರಿಕೊಂಡು, ಕುಂಟುತ್ತಾ, ಅಡ್ಡ ಬರುತ್ತಾ, ಹಿಂದಿನವರ ಕಾಲಿಗೆ ತೊಡರುತ್ತಾ ನಡೆಯುತ್ತಿದ್ದೆವು. ನಾವಿದ್ದ ಕಡೆ ಕಾಲು ಕೂಡುತ್ತಿರಲಿಲ್ಲ. ಮೂವತ್ತೆರಡು ವರ್ಷ ನಾನು ಇದನ್ನು ಮಾಡಿದೆ. ಬಾಗಿನ ಕೊಡುವಾಗ ಹೆಣ್ಣುಮಕ್ಕಳು ಮೊದಲ ಮೊರ ತಪ್ಪುಹೆಜ್ಜೆ ಕಾಶವ್ವನಿಗೆ ಎಂದು ಕರೆದು ಕೊಡುತ್ತಿದ್ದರು, ಗಂಡ ಸತ್ತ ಮೇಲೂ ಅದನ್ನು ಬಿಡಲಿಲ್ಲ. ಗೌರವ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾವು ನಾಲ್ವರೇ ಸಾಲುತ್ತಿದ್ದೆವೆಂದರೆ ಸುಳ್ಳಾಗುತ್ತದೆ. ಸೇತುವೆಯ ನಟ್ಟನಡುವೆ, ಹಲಗೆಯ ಕೆಳಗೆ, ಅಜ್ಜಿ ಇದ್ದಳು. ಅಜ್ಜಿ ಎಂದರೆ ಎತ್ತಿನ ಗಾಡಿಯಷ್ಟು ದೊಡ್ಡದೊಂದು ಕಬ್ಬಿಣದ ಗುಂಡು. ನಾಲ್ಕು ಸರಪಳಿಗೆ ತೂಗುಹಾಕಿದ್ದು. ಅದರ ಅಡಿಗೆ ದೋಣಿಯ ಹುಟ್ಟಿನಂಥದೊಂದು ಹಲಗೆ, ಆ ಹುಟ್ಟು ಗಟ್ಟಿ ಹರಳೆಣ್ಣೆ ತುಂಬಿದ ತೊಟ್ಟಿಯಲ್ಲಿ ಮುಳುಗಿರುತ್ತಿತ್ತು. ಸೇತುವೆ ಎಡಕ್ಕೆ ಹೋದರೆ ಅಜ್ಜಿ ಬಲಕ್ಕೆ ಹೋಗುತ್ತಿದ್ದಳು. ಸೇತುವೆಯ ಹುಚ್ಚನ್ನು ತಾನು ತೆಗೆದುಕೊಂಡು ಎಣ್ಣೆಗೆ ಇಳಿಸುತ್ತಿದ್ದಳು. ಅವಳನ್ನು ನೋಡಿಕೊಳ್ಳುವವನು ಗದಿಗೆಪ್ಪ, ಅರವತ್ತು ದಾಟಿದ ಮನುಷ್ಯ. ಮಳೆಗಾಲದಲ್ಲಿ ಹಲಗೆ ನೀರು ಕುಡಿದು ಸೇತುವೆ ಭಾರವಾದಾಗ ಅದರ ತೂಗು ನಿಧಾನವಾಗುತ್ತದೆ. ಆಗ ಗದಿಗೆಪ್ಪ ಸರಪಳಿಯನ್ನು ಒಂದು ಕೊಂಡಿ ಉದ್ದ ಬಿಡುತ್ತಿದ್ದ. ಬೇಸಿಗೆಯಲ್ಲಿ ಮತ್ತೆ ಒಂದು ಕೊಂಡಿ ಎತ್ತುತ್ತಿದ್ದ. ಸೇತುವೆಗೂ ಅಜ್ಜಿಗೂ ತೂಗು ಒಂದೇ ಇರಬೇಕು, ಇಲ್ಲದಿದ್ದರೆ ಅಜ್ಜಿ ಬರೀ ಭಾರ.

ಇಂಥ ಊರಿಗೆ ವರದರಾಜಯ್ಯ ಎಂಬ ಮನುಷ್ಯ ಪುರಸಭೆಯ ಮುಖ್ಯಾಧಿಕಾರಿಯಾಗಿ ಬಂದ. ಈಗಲೂ ಆ ಹೆಸರು ಹೇಳುವಾಗ ನನ್ನ ನಾಲಿಗೆ ಕಹಿಯಾಗುತ್ತದೆ. ಕೆಟ್ಟವನು ಎನ್ನಲಾರೆ. ಕೆಟ್ಟವನಾಗಿದ್ದರೆ ಎಚ್ಚರವಾದರೂ ಇರುತ್ತಿದ್ದೆವು. ಅವನು ಎಲ್ಲ ಬಲ್ಲೆನೆನ್ನುವ ಜಾತಿಯವನು. ಕೇಳುವ ಕಿವಿ ದೇವರು ಕೊಟ್ಟಿದ್ದರೂ ಅದನ್ನು ಕನ್ನಡಕ ಸಿಕ್ಕಿಸಲು ಮಾತ್ರ ಬಳಸುತ್ತಿದ್ದ.

ಬಂದ ಮೂರನೆಯ ದಿನ ನೌಕರರ ಪಟ್ಟಿ ತರಿಸಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಓದಿದ. ಗುಡಿಸುವವರು, ದೀಪದವರು, ನೀರಿನವರು. ನಮ್ಮ ಹೆಸರಿಗೆ ಬಂದಾಗ ನಿಂತ. ಕನ್ನಡಕ ಕೆಳಗಿಳಿಸಿದ.

"ತಪ್ಪು ಹೆಜ್ಜೆ, ನಾಲ್ಕು ಜನ. ಇದೇನ್ರೀ ಇದು?" ಎಂದ. ಅವನ ಮಾತು ದಕ್ಷಿಣದ ಕಡೆಯದು, ನಯವಾಗಿತ್ತು.

"ಅದು ನಮ್ಮ ಕೆಲಸ್ರಿ ಸಾಹೇಬ್ರ. ನಾವು ತಪ್ಪುಹೆಜ್ಜೆಯವ್ರು" ಎಂದೆ.

ಅವನು ನಕ್ಕ. ಗುಮಾಸ್ತರತ್ತ ತಿರುಗಿ, ನನಗೂ ಕೇಳಿಸಲಿ ಎಂಬಂತೆ, "ನಮ್ಮ ಕಡೆ ಹೆಜ್ಜೆ ತಪ್ಪಿದ ಹೆಂಗಸು ಅಂದ್ರೆ ಏನರ್ಥ ಗೊತ್ತಾ? ಈ ಊರಲ್ಲಿ ಅಂಥವರಿಗೆ ಪುರಸಭೇನೇ ನೌಕರಿ ಕೊಟ್ಟಿದೆ" ಎಂದ. ಗುಮಾಸ್ತರೂ ನಕ್ಕರು. ಅವರು ನಮ್ಮ ಊರಿನವರೇ. ಅವರ ತಾಯಂದಿರು ಗಿರಣಿಯಲ್ಲಿ ದುಡಿದು, ನಾನು ಅಡ್ಡ ಬಂದದ್ದರಿಂದಲೇ ಪ್ರತಿದಿನ ಮನೆ ಮುಟ್ಟಿದವರು. ನನಗೆ ಮೈಯೆಲ್ಲ ಉರಿಯಿತು. ಗಂಡ ಸತ್ತ ಮೇಲೆ ಹದಿನೈದು ವರ್ಷ ತಲೆ ಎತ್ತಿಕೊಂಡು ಬಾಳಿದವಳು ನಾನು. ಅಂದು ನೂರು ಜನರ ಮುಂದೆ ನನ್ನ ನೌಕರಿಯ ಹೆಸರೇ ಬೈಗುಳವಾಯಿತು.

ವಾರದೊಳಗೆ ಆದೇಶ ಬಂತು. 'ಸಾರ್ವಜನಿಕರಿಗೆ ತೊಡಕುಂಟುಮಾಡುವ ತಪ್ಪು ಹೆಜ್ಜೆಗಳನ್ನು ಇನ್ನು ಮುಂದೆ ಸಹಿಸಲಾಗದು' ಎಂದು ಅಚ್ಚುಕಟ್ಟಾಗಿ ಬರೆದು ಮೊಹರು ಒತ್ತಿದ್ದರು. ನಾವು ನಾಲ್ವರೂ ಮನೆಗೆ ಬಂದೆವು.

ಅದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಅವನು ಒಂದು ದಿನ ಸೇತುವೆ ನೋಡಲು ಹೋಗಿ ಕೆಳಗೆ ಬಗ್ಗಿದಾಗ ಅಜ್ಜಿ ಕಿರ್‍ರೋ ಎಂದು ತೂಗುತ್ತಿದ್ದಳು. ಎದೆ ಒಡೆದುಕೊಂಡ. ಇಷ್ಟು ದೊಡ್ಡ ಗುಂಡು ಹೀಗೆ ಓಲಾಡಿದರೆ ಸೇತುವೆ ಅಲುಗಾಡದೆ ಇನ್ನೇನು ಎಂದು ತೀರ್ಮಾನಿಸಿದ. ಅಜ್ಜಿ ಅಲುಗುವುದರಿಂದ ಸೇತುವೆ ಅಲುಗುತ್ತದೆ ಎಂದು ಅವನ ಲೆಕ್ಕ. ಅಳುವ ಮಗುವನ್ನು ತಾಯಿ ಎತ್ತಿ ಆಡಿಸುತ್ತಿದ್ದರೆ, ತಾಯಿ ಕುಣಿಯುವುದರಿಂದಲೇ ಮಗು ಅಳುತ್ತಿದೆ ಎಂದು ತಾಯಿಯ ಕಾಲು ಕಟ್ಟಿದ ಹಾಗೆ. ಬೆಸುಗೆಯ ಹುಸೇನಸಾಬನನ್ನು ಕರೆಸಿ, ನಾಲ್ಕು ದಪ್ಪ ಸರಳು ಹಾಕಿ, ಅಜ್ಜಿಯನ್ನು ಸೇತುವೆಯ ತೊಲೆಗೆ ಅಲುಗದಂತೆ ಬೆಸೆಸಿದ.

ಗದಿಗೆಪ್ಪ ಕಚೇರಿಗೆ ಹೋದ, ನಾನೂ ಜೊತೆಗೆ ಹೋದೆ.

"ಸಾಹೇಬ್ರ, ಆಕೀ ಆಡಬೇಕ್ರಿ. ಆಕೀ ಆಡಿದ್ರ ಸೇತುವಿ ನಿಲ್ಲತೈತಿ. ಆಕೀನ್ನ ಕಟ್ಟಿದ್ರ ಅದು ಆಡತೈತಿ" ಎಂದ ಗದಿಗೆಪ್ಪ, ಕೈ ಜೋಡಿಸಿಕೊಂಡೇ.

"ನೋಡಿ ಹಿರಿಯರೆ, ಭದ್ರ ಅಂದ್ರೆ ಅಲುಗದೇ ಇರೋದು. ಇಷ್ಟು ಸಾಮಾನ್ಯ ಜ್ಞಾನ ಬೇಕಲ್ಲ. ಬನ್ನಿ, ತೋರಿಸ್ತೀನಿ."

ನಮ್ಮನ್ನು ಸೇತುವೆಗೆ ಕರೆದುಕೊಂಡು ಹೋಗಿ, ತಾನೂ ತನ್ನ ಜವಾನನೂ ಆಚೆ ದಡಕ್ಕೆ ಹೋಗಿ ಬಂದರು. ಇಬ್ಬರ ಕಾಲೂ ಕೂಡಿದ್ದವು. ಸೇತುವೆ ಮಿಸುಕಲಿಲ್ಲ. "ಎಲ್ಲಿ ಅಲುಗಿತು, ಹೇಳಿ" ಎಂದ.

"ಇಬ್ಬರಿಗೆ ಅಲುಗಂಗಿಲ್ರಿ. ನೂರು ಮಂದಿಗೂ ಅಲುಗಂಗಿಲ್ಲ. ನೂರಾ ಐವತ್ತರ ತನಕ ಸುಮ್ಮನ ಇರತೈತಿ. ಆಮ್ಯಾಲ ಹತ್ತು ಮಂದಿ ಹೆಚ್ಚಾದ್ರ ಸಾಕು, ಒಮ್ಮೆಲೇ ಹಿಡಿತೈತಿ. ಸ್ವಲ್ಪ ಸ್ವಲ್ಪ ಅಂತ ಎಚ್ಚರಿಕಿ ಕೊಡೂದಿಲ್ಲ" ಎಂದೆ.

"ನೀನು ಆ ತಪ್ಪು ಹೆಜ್ಜೆಯವಳಲ್ವಾ?" ಎಂದ. ಅಷ್ಟೇ. ಅದೇ ಉತ್ತರವಾಯಿತು.

ನನ್ನ ಮಗಳು ಕಸ್ತೂರಿ ಗಿರಣಿಯ ನೂಲುವ ಖಾತೆಯಲ್ಲಿದ್ದಾಳೆ. ನನಗೆ ಇರುವವಳು ಅವಳೊಬ್ಬಳೇ. ಅಂದು ರಾತ್ರಿ ಊಟಕ್ಕೆ ಕೂತಾಗ, ನಾಳೆಯಿಂದ ಸೇತುವೆ ಹತ್ತಬೇಡ, ಮೇಲಿನ ಕಡವಿನಲ್ಲಿ ದೋಣಿ ಹಿಡಿದು ಬಾ ಎಂದೆ.

"ದೋಣ್ಯಾಗ ಹೋದ್ರ ಒಂದ್ ತಾಸು ತಡ ಆಕ್ಕೈತಿ, ಗೇಟ್ ಹಾಕ್ತಾರ. ಉಳಿದವ್ರೆಲ್ಲ ಸೇತುವಿ ಮ್ಯಾಲ ಹೋಗೂದಿಲ್ಲೇನು? ನಿನ್ನ ಮಗಳೊಬ್ಬಾಕಿ ಉಳದ್ರ ಸಾಕೇನು?" ಎಂದಳು.

"ನೀ ಉಳದ್ರ ನನಗ ಸಾಕು" ಎಂದೆ. ಅವಳು ತಾಟು ಸರಿಸಿ ಎದ್ದು ಹೋದಳು. ನನ್ನ ಮಾತು ನನಗೇ ಚುಚ್ಚಿತು, ಆದರೆ ಸುಳ್ಳು ಹೇಳಿರಲಿಲ್ಲ.

ನಾನು ಸುಮ್ಮನೆ ಕೂರಲಿಲ್ಲ. ನೌಕರಿ ಇಲ್ಲದಿದ್ದರೂ ಪಾಳಿ ಬಿಡುವ ಹೊತ್ತಿಗೆ ಸೇತುವೆಗೆ ಹೋಗಿ ಗುಂಪಿನಲ್ಲಿ ಸೇರಿಕೊಳ್ಳುತ್ತಿದ್ದೆ. ಉಳಿದ ಮೂವರಲ್ಲಿ ಒಬ್ಬ ಊರು ಬಿಟ್ಟಿದ್ದ, ಇಬ್ಬರು ಅವಮಾನಕ್ಕೆ ಬಾಗಿಲು ಹಾಕಿಕೊಂಡಿದ್ದರು. ಒಬ್ಬಳೇ ಎಷ್ಟೆಂದು ಅಡ್ಡ ಬರಲಿ? ನಾನಿದ್ದೂ ಸೇತುವೆ ದಿನಾ ತೂಗುತ್ತಿತ್ತು, ಪೂರಾ ಹಿಡಿಯುತ್ತಿರಲಿಲ್ಲ ಅಷ್ಟೇ. ಹೆಣ್ಣುಮಕ್ಕಳು ಕಂಬಿ ಹಿಡಿದುಕೊಂಡು, ಬುತ್ತಿಯ ಡಬ್ಬಿ ಎದೆಗವಚಿಕೊಂಡು ದಾಟುತ್ತಿದ್ದರು. ಇನ್ನೂರು ಜನಕ್ಕೇ ಈ ಗತಿ. ಆಗ ಗಿರಣಿಯವರು, ಸೇತುವೆ ಭದ್ರವಾಗಿದೆ ಎಂಬ ಮುಖ್ಯಾಧಿಕಾರಿಯ ಪತ್ರ ಹಿಡಿದುಕೊಂಡು, ಎರಡು ಪಾಳಿಯನ್ನು ಒಂದು ಮಾಡಿದರು. ಬರುವ ಸೋಮವಾರದಿಂದ ನಾನೂರು ಜನ ಸಂಜೆ ಐದಕ್ಕೆ ಒಟ್ಟಿಗೆ ಹೊರಬೀಳುವುದೆಂದಾಯಿತು.

ಆ ನಾಲ್ಕು ದಿನ ನಾನು ಹತ್ತದ ಮೆಟ್ಟಿಲಿಲ್ಲ. ಕಚೇರಿಯ ಜವಾನ ನನ್ನನ್ನು ಕಂಡರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ. ಪುರಸಭೆಯ ಸದಸ್ಯರು ಒಬ್ಬೊಬ್ಬರೂ ಚಹಾ ಕೊಟ್ಟರು, ತಲೆಯಾಡಿಸಿದರು, ಸಾಹೇಬರಿಗೆ ಹೇಳುತ್ತೇವೆ ಎಂದರು. ಹೇಳಿದರೋ ಇಲ್ಲವೋ ಆ ದೇವರಿಗೇ ಗೊತ್ತು. ಹುಸೇನಸಾಬನಿಗೆ ಸರಳು ನೀನೇ ಕತ್ತರಿಸಿಬಿಡು ಎಂದು ಕಾಲು ಹಿಡಿಯುವುದೊಂದು ಬಾಕಿ. ಪಾಪ, ಅವನು, "ಕಾಶಕ್ಕಾ, ಸರಕಾರಿ ಸಾಮಾನಿಗೆ ಕೈ ಹಚ್ಚಿದ್ರ ನನ್ನ ಒಳಗ ಹಾಕ್ತಾರ. ಸಾಹೇಬ್ರು ಬಾಯ್ಲೆ ಒಂದು ಮಾತು ಹೇಳ್ಲಿ, ಅರ್ಧ ತಾಸಿನ್ಯಾಗ ಕತ್ತರಿಸಿ ಒಗೀತೀನಿ" ಎಂದ.

ಸೋಮವಾರ ಬಂತು. ಐದಕ್ಕೆ ಗಿರಣಿ ಕೂಗಿತು. ನಾನು ಊರಿನ ಕಡೆಯಿಂದ ಸೇತುವೆ ಹತ್ತಿ ನಡುವಿನ ತನಕ ಹೋಗಿ ನಿಂತೆ. ಗೇಟು ತೆರೆದದ್ದೇ ಹೆಣ್ಣುಮಕ್ಕಳು ಧಾರೆಯಾಗಿ ಸುರಿದರು. ನೂರು ಜನ ಹತ್ತಿದಾಗ ಏನೂ ಇಲ್ಲ. ನೂರೈವತ್ತಾದಾಗ ಹಗ್ಗಗಳು ಗುಂಯ್ಯೆಂದವು. ಇನ್ನೂರಾಗುವಷ್ಟರಲ್ಲಿ ಸೇತುವೆ ಹಿಡಿಯಿತು. ಎಡಕ್ಕೆ, ಬಲಕ್ಕೆ. ನಾನು ಗುಂಪಿನೊಳಗೆ ನುಗ್ಗಿದೆ. ಮೂವತ್ತೆರಡು ವರ್ಷ ಹಾಕಿದ ಹೆಜ್ಜೆಯನ್ನೇ ಹಾಕಿದೆ. ಗಿಡ್ಡ ಕಾಲು ತಡವಾಗಿ, ಉದ್ದ ಕಾಲು ಬೇಗ. ನಾಲ್ಕು ಹೆಜ್ಜೆ ಹೋದೆ. ಐದನೆಯದಕ್ಕೆ ಹಲಗೆಯೇ ಸರಿದು ಬಂದು ನನ್ನ ಗಿಡ್ಡ ಕಾಲಿಗೆ ಸರಿಯಾಗಿ ಸಿಕ್ಕಿತು. ಆರನೆಯದಕ್ಕೂ ಸಿಕ್ಕಿತು. ಏಳನೆಯ ಹೆಜ್ಜೆಗೆ ನನ್ನ ಕಾಲು ಅವರೆಲ್ಲರ ಕಾಲಿನ ಜೊತೆ ಬಿದ್ದದ್ದು ನನಗೇ ಕೇಳಿಸಿತು. ಆ ಜ್ವರ ಬಂದು ಹೋದಾಗಿನಿಂದ ಅಂಥದ್ದು ಆಗಿರಲಿಲ್ಲ. ಊರಿನ ಜೊತೆ ಒಮ್ಮೆಯಾದರೂ ಸರಿಯಾಗಿ ನಡೆಯಬೇಕೆಂದು ಹುಡುಗಿಯಾಗಿದ್ದಾಗ ಎಷ್ಟು ಅತ್ತಿದ್ದೆನೋ. ಈಗ ನಡೆದೆ, ನಾವೆಲ್ಲ ಸಾಯುವ ಹೊತ್ತಿಗೆ. ನನಗೆ ಬಂದ ಸಿಟ್ಟಿಗೆ ಕಣ್ಣು ಕತ್ತಲಾಯಿತು.

ಜನ ಕಿರುಚತೊಡಗಿದ್ದರು. ಮುಂದಿನವರು ಓಡಲು ನೋಡಿದರು. ಓಡಿದರೂ ಕಾಲು ಕೂಡುತ್ತಿದ್ದವು. ಆಚೆಯ ಹಗ್ಗದ ಒಂದು ಎಳೆ ಪಟ್ಟೆಂದು ಕಿತ್ತು ಮೇಲಕ್ಕೆ ಸುರುಳಿ ಸುತ್ತಿತು. ಗದಿಗೆಪ್ಪ ಒಮ್ಮೆ ಹೇಳಿದ್ದ: ನಡೆಯುವ ಮೈ ತೂಗನ್ನು ಕೊಡುತ್ತದೆ, ಕೂತ ಮೈ ತೂಗನ್ನು ನುಂಗುತ್ತದೆ, ಹೆಣ್ಣುಮಕ್ಕಳು ಬುತ್ತಿ ಉಣ್ಣಲು ಕೂತಾಗ ಅಜ್ಜಿಗೂ ಕೆಲಸವಿರುವುದಿಲ್ಲ ಎಂದು. ನಾನು ಅಲ್ಲೇ ದೊಪ್ಪನೆ ಕುಸಿದು ಕೂತೆ. ಹಿಂದಿನವಳು ನನ್ನ ಮೇಲೆ ಬಿದ್ದಳು. ಅವಳ ಸೆರಗು ಹಿಡಿದು ಕೂರಿಸಿದೆ.

"ಕುಂಡ್ರಿ" ಎಂದು ಕೂಗಿದೆ. "ಯಾರೂ ನಡೀಬ್ಯಾಡ್ರಿ. ಇದ್ದಲ್ಲೇ ಕುಂಡ್ರಿ."

ಗಿರಣಿಯ ಸದ್ದಿನಲ್ಲಿ ದುಡಿಯುವವರ ಗಂಟಲು ಕೇಳಬೇಕೇ, ಒಬ್ಬರಿಂದೊಬ್ಬರಿಗೆ ಆ ಮಾತು ಸೇತುವೆಯ ಎರಡೂ ತುದಿಗೆ ಹೋಯಿತು. ಕೂತರು. ನಡುವಿನವರು ಮೊದಲು, ಆಮೇಲೆ ತುದಿಯವರು. ಸೇತುವೆ ಇನ್ನೂ ಹತ್ತಾರು ಸಲ ತೂಗಿತು, ಪ್ರತಿ ಸಲವೂ ಸ್ವಲ್ಪ ಕಡಿಮೆ. ಕೊನೆಗೆ ನಿಂತಿತು. ಕೆಳಗೆ ಹೊಳೆ ಏನೂ ಆಗಿಲ್ಲವೆಂಬಂತೆ ಹರಿಯುತ್ತಿತ್ತು. ಹಿಂದಿನಿಂದ ಯಾರೋ ತೆವಳಿಕೊಂಡು ಬಂದು ನನ್ನ ಬೆನ್ನಿಗೆ ಮುಖ ಒತ್ತಿದರು. ಕಸ್ತೂರಿ.

ಅರ್ಧ ತಾಸಿಗೆ ಊರೆಲ್ಲ ದಡದಲ್ಲಿ ಸೇರಿತು. ವರದರಾಜಯ್ಯನೂ ಬಂದ. ಇಬ್ಬಿಬ್ಬರಾಗಿ ಎದ್ದು ನಿಧಾನವಾಗಿ ಬನ್ನಿ ಎಂದು ಕೂಗಿ ಹೇಳಿದ. ಅವನು ಊರಿಗೆ ಬಂದ ಮೇಲೆ ಆಡಿದ ಮೊದಲ ಸರಿಯಾದ ಮಾತು ಅದು. ಇಬ್ಬಿಬ್ಬರಾಗಿ ಎದ್ದಿದ್ದರೆ ಹೊತ್ತು ಮುಳುಗುವಷ್ಟರಲ್ಲಿ ಎಲ್ಲರೂ ದಡ ಸೇರುತ್ತಿದ್ದೆವು. ಆದರೆ ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಹೊರಳಿ ನನ್ನ ಮುಖ ನೋಡಿದಳು. ಎದ್ದು ಹೋದರೆ ಸರಳು ಇದ್ದ ಹಾಗೇ ಇರುತ್ತವೆ, ನಾಳೆ ಮತ್ತೆ ಐದಕ್ಕೆ ಗಿರಣಿ ಕೂಗುತ್ತದೆ. ಇದು ಅವಳಿಗೂ ಗೊತ್ತು, ನನಗೂ ಗೊತ್ತು.

"ಏಳಂಗಿಲ್ಲ" ಎಂದೆ. "ಹುಸೇನಸಾಬನ್ನ ಕರಕೊಂಡು ಸಾಹೇಬ್ರು ಇಲ್ಲೀ ತನಕ ಬರ್ಲಿ. ಅಜ್ಜೀನ್ನ ಬಿಚ್ಚಲಿ. ಆಮ್ಯಾಲ ಏಳ್ತೀವಿ."

ಬಾಯಿಂದ ಬಾಯಿಗೆ ಅದೂ ದಡಕ್ಕೆ ಹೋಯಿತು. ಯಾರೂ ಏಳಲಿಲ್ಲ. ದಡದಲ್ಲಿದ್ದ ಗಂಡಸರು, ಆ ಗುಮಾಸ್ತರೂ ಸೇರಿ, ಮುಖ್ಯಾಧಿಕಾರಿಯ ಸುತ್ತ ನೆರೆದರು. ಅವನು ಬಹಳ ಹೊತ್ತು ಬೆವರು ಒರೆಸಿಕೊಂಡ. ಕೊನೆಗೆ ಹುಸೇನಸಾಬ ಸಿಲಿಂಡರಿನ ಕೈಗಾಡಿ ತಳ್ಳಿಕೊಂಡು ಮುಂದೆ, ಸಾಹೇಬ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡು ಹಿಂದೆ, ಕೂತ ಹೆಣ್ಣುಮಕ್ಕಳ ನಡುವೆ ದಾರಿ ಮಾಡಿಕೊಂಡು ನಟ್ಟನಡುವೆ ಬಂದರು. ಹುಸೇನಸಾಬ ಏಣಿಯಿಳಿದು ಅಜ್ಜಿಯ ಪಕ್ಕದ ಅಟ್ಟಣಿಗೆಗೆ ಹೋಗಿ, "ಹೇಳ್ರಿ ಸಾಹೇಬ್ರ, ಕತ್ತರಿಸಲೇನು?" ಎಂದು ಕೇಳಿದ.

ಒಂದೇ ಮಾತು ಬೇಕಿತ್ತು. ಆ ಮನುಷ್ಯನಿಗೆ ಸೋಲು ಒಪ್ಪಲಾಗಲಿಲ್ಲ. ಮೇಲಿನವರ ಲಿಖಿತ ಒಪ್ಪಿಗೆ ಬೇಕು, ನಾಳೆ ಪರಿಶೀಲಿಸೋಣ ಎಂದು ಶುರುಮಾಡಿದ. ಆಮೇಲೆ ನನ್ನ ಮುಖ ಕಂಡು, ಸುತ್ತಲಿನವರಿಗೆ ಹೇಳಿದ:

"ನೀವೆಲ್ಲ ಮರ್ಯಾದಸ್ಥ ಮನೆಯವರು. ಒಬ್ಬಳು ಹೆಜ್ಜೆ ತಪ್ಪಿದವಳ ಮಾತು ಕಟ್ಟಿಕೊಂಡು ಹೀಗೆ ಬೀದಿಗೆ ಬರಬಹುದಾ?"

ಆ ಮುದುಕಿ ಅಂಗೈಯನ್ನು ಹಲಗೆಗೆ ಬಡಿದಳು. ಎಡಗೈ ಒಮ್ಮೆ, ಬಲಗೈ ಒಮ್ಮೆ. ಪಕ್ಕದವಳು ಬಡಿದಳು. ಅವಳ ಪಕ್ಕದವಳು. ನಮ್ಮ ಊರಿನಲ್ಲಿ ಕೂಡುತ್ತಿದ್ದದ್ದು ಕಾಲು ಮಾತ್ರ. ಕೈ ಕೂಡಿದ್ದನ್ನು ನಾನು ಅಂದು ಮೊದಲ ಸಲ ಕಂಡೆ. ಎಡಗೈಗೆ ಮೈಯೆಲ್ಲ ಎಡಕ್ಕೆ, ಬಲಗೈಗೆ ಮೈಯೆಲ್ಲ ಬಲಕ್ಕೆ, ಸೇತುವೆಯ ಮೇಲಿದ್ದಷ್ಟೂ ಮೈಗಳು ಒಂದೇ ಮೈಯಾಗಿ ಓಲಾಡಿದವು. ಅದು ಸೇತುವೆಯದೇ ತೂಗು. ಸೇತುವೆಗೆ ಅದು ತಕ್ಷಣ ಗೊತ್ತಾಯಿತು.

ಮೊದಲ ಪೆಟ್ಟಿಗೆ ಸಾಹೇಬನ ಕನ್ನಡಕ ಜಾರಿತು. ಎರಡನೆಯದಕ್ಕೆ ಮೊಣಕಾಲೂರಿದ. ಮೂರನೆಯದಕ್ಕೆ, "ಕತ್ತರಿಸು, ಕತ್ತರಿಸಪ್ಪಾ" ಎಂದು ಕೆಳಗೆ ಕೂಗಿದ. ಎಲ್ಲರಿಗೂ ಕೇಳಿಸಿತು. ನನಗೂ ಕೇಳಿಸಿತು.

ಬಡಿತ ನಿಲ್ಲಲಿಲ್ಲ. ಸಿಟ್ಟಿನಲ್ಲಿ ಕೂಡಿದ ಕೈ ತಾನಾಗಿ ನಿಲ್ಲುವುದಿಲ್ಲ, ಯಾರಾದರೂ ತಪ್ಪಿಸಬೇಕು. ಊರಿನಲ್ಲಿ ತಪ್ಪಿಸುವುದಕ್ಕೆಂದೇ ಇರುವವಳು ನಾನು. ಆದರೆ ನನ್ನ ಕೈಗಳೂ ಬಡಿಯುತ್ತಿದ್ದವು. ಅವನ್ನು ಯಾವ ಜ್ವರವೂ ಗಿಡ್ಡ ಮಾಡಿರಲಿಲ್ಲ. ಸಾಹೇಬ ಹಲಗೆಯ ಮೇಲೆ ನಾಲ್ಕು ಕಾಲಿನಲ್ಲಿ, ಬಾಯಿ ತೆರೆದುಕೊಂಡು, ನನ್ನ ಕಡೆ ನೋಡುತ್ತಿದ್ದ. ನಾನೂ ನೋಡಿದೆ. ನಾಲ್ಕು, ಐದು, ಆರು. ಹಗ್ಗದ ಇನ್ನೊಂದು ಎಳೆ ಕಿತ್ತಿತು. ಏಳು, ಎಂಟು, ಒಂಬತ್ತು. ಕೆಳಗೆ ಅಟ್ಟಣಿಗೆಯಲ್ಲಿ ಹುಸೇನಸಾಬ ಅಲ್ಲಾನನ್ನು ಕರೆಯುತ್ತಿದ್ದ. ಹತ್ತನೆಯ ಪೆಟ್ಟು ಬಿದ್ದ ಮೇಲೆ ನಾನು ಕೈಯನ್ನು ತಡೆದು, ಎರಡು ಪೆಟ್ಟಿನ ನಡುವಿನ ಖಾಲಿ ಜಾಗದಲ್ಲಿ ಹೊಡೆದೆ. ಮತ್ತೆ ಹೊಡೆದೆ. ಪಕ್ಕದವಳ ಕೈ ತಪ್ಪಿತು, ಅವಳ ಪಕ್ಕದವಳದು ತಪ್ಪಿತು, ತಪ್ಪು ಎರಡೂ ಕಡೆ ಹಬ್ಬಿ ಬಡಿತ ಚೂರುಚೂರಾಯಿತು. ಸೇತುವೆ ನಿಂತಿತು. ಹುಸೇನಸಾಬ ಅರ್ಧ ತಾಸಿನಲ್ಲಿ ನಾಲ್ಕು ಸರಳನ್ನೂ ಕತ್ತರಿಸಿ ಹೊಳೆಗೆ ಬಿಟ್ಟ. ಅಜ್ಜಿ ಒಮ್ಮೆ ನಡುಗಿ ತೂಗತೊಡಗಿದಳು.

ವರದರಾಜಯ್ಯ ಆ ವಾರವೇ ವರ್ಗ ಮಾಡಿಸಿಕೊಂಡು ಹೋದ. ಊರು ಬಿಟ್ಟಿದ್ದವನೂ ಮರಳಿ, ನಮ್ಮ ನಾಲ್ವರ ನೌಕರಿ ನಮಗೆ ಬಂತು. ಕಾಶವ್ವ ನಾನೂರು ಜೀವ ಉಳಿಸಿದಳು ಎಂದು ಊರು ಹೇಳುತ್ತದೆ. ಗಿರಣಿಯ ಹೆಣ್ಣುಮಕ್ಕಳು ಮನೆಗೆ ಬಂದು, ಗಂಡನಿಲ್ಲದವಳೆಂದು ನೋಡದೆ ಅರಿಶಿನ ಕುಂಕುಮ ಹಚ್ಚಿ, ಉಡಿ ತುಂಬಿ ಹೋದರು. ಅವರು ಹೋದ ಮೇಲೆ ಕಸ್ತೂರಿ ಚಹಾ ಮಾಡಿ ತಂದು ನನ್ನ ಎದುರು ಕೂತಳು.

"ಯವ್ವಾ, ಕತ್ತರಿಸು ಅಂತ ಸಾಹೇಬ ಒದರಿದ ಮ್ಯಾಲ ಏಳು ಪೆಟ್ಟು ಬಿದ್ದುವು. ನಾ ನಿನ್ನ ಹಿಂದ ಕುಂತು ಎಣಿಸೇನಿ. ನಿನ್ನ ಕೈ ತಡೀಲಿಲ್ಲ."

"ಹೌದು" ಎಂದೆ.

"ನಾನೂ ಅಲ್ಲೇ ಇದ್ದೆ."

ಹೌದು ಎಂದೆ. ಚಹಾದ ಬಟ್ಟಲನ್ನು ಕೆಳಗಿಟ್ಟೆ. ಆ ಏಳು ಪೆಟ್ಟಿನ ಹೊತ್ತು ನನ್ನ ಬೆನ್ನಿಗೆ ಮುಖ ಒತ್ತಿಕೊಂಡು ಕೂತಿದ್ದವಳು ಯಾರೆಂಬುದೇ ನನಗೆ ನೆನಪಿರಲಿಲ್ಲ.